ಹಗೇವಿನ ಬಾಯಿ

ಸಿಂದಗಿ
12 ಫೆಬ್ರುವರಿ 1976

ಅಕ್ಕಾ,

ಕೂತಲ್ಲಿಂದಲೇ ನಿನ್ನ ಪಾದ ಮುಟ್ಟಿದ್ದೇನೆ, ಮೊದಲು ಸಿಟ್ಟು ಇಳಿಸು. "ನಿನ್ನ ಗಂಡನ ಕೈ ಮುರದಾವೇನು, ನಾಕ ಸಾಲು ಬರಿಯಾಕ" ಎಂದು ಹೊನ್ನವ್ವನಿಗೆ ನೀನು ಹೇಳಿ ಕಳಿಸಿದ್ದು ನನಗೂ ಮುಟ್ಟಿದೆ. ಕೈ ಗಟ್ಟಿಯಾಗಿವೆ, ಸವೆದದ್ದು ಚಪ್ಪಲಿ. ಸಂಕ್ರಮಣ ಮುಗಿದಾಗಿನಿಂದ ಮುದ್ದೇಬಿಹಾಳ, ಬಾಗೇವಾಡಿ, ಸಿಂದಗಿ ಕಡೆಯ ಹಳ್ಳಿಗಳನ್ನು ತಿರುಗುತ್ತಿದ್ದೇನೆ. ಇನ್ನು ನಿಮ್ಮ ಇಂಡಿ ತಾಲೂಕು ಉಳಿದಿದೆ.

ವಿಷಯ ಇಷ್ಟು. ನಮ್ಮ ಮಂಡಳಿಯ ಬಾಲವಾಡಿಗಳಿಗೆ ಗೋಧಿ ನುಚ್ಚು, ಎಣ್ಣೆ, ಹಾಲಿನ ಪುಡಿ ಕಳಿಸುವ ಮುಂಬಯಿಯ ದಾನಿಗಳು ಈ ಬೇಸಿಗೆಯಿಂದ ಅರ್ಧದಷ್ಟು ಊರುಗಳಿಗೆ ಮಾತ್ರ ಕಳಿಸುತ್ತಾರಂತೆ. ಯಾವ ಊರಿಗೆ ನಿಜವಾಗಿ ಬೇಕು, ಯಾವ ಕೇಂದ್ರ ಸರಿಯಾಗಿ ನಡೆದಿದೆ, ನೋಡಿ ಬರೆದು ಕಳಿಸಿ ಎಂದಿದ್ದಾರೆ. ಧಾರವಾಡದಲ್ಲಿ ನಾನು ಓದಿದ್ದೇ ಈ ವಿದ್ಯೆ ಎಂದು ಮಂಡಳಿಯವರು ಕೆಲಸವನ್ನು ನನ್ನ ಕೊರಳಿಗೆ ಕಟ್ಟಿದರು. ನನ್ನ ಮೇಲೆ ಜೈನುದ್ದೀನ ಸಾಹೇಬರಿದ್ದಾರೆ. ನೇರ ಮನುಷ್ಯ. "ಮುಖಾ ನೋಡಿ ಅಳೀಬ್ಯಾಡ್ರಿ" ಎನ್ನುವುದು ಅವರ ಮಾತು.

ನೋಡಿದ್ದನ್ನೆಲ್ಲ ಹೇಳಿದರೆ ನೀನು ನಗುತ್ತೀ. ಮುದ್ದೇಬಿಹಾಳ ಕಡೆ ಒಂದು ಹೊಲಿಗೆ ಕೇಂದ್ರಕ್ಕೆ ಬರುವ ಹೆಣ್ಣುಮಕ್ಕಳೆಲ್ಲ ಮೊದಲೇ ಹೊಲಿಗೆ ಬಲ್ಲವರು. ದಾರ ಪುಕ್ಕಟೆ ಎಂದು ಬರುತ್ತಾರೆ. ಬಾಗೇವಾಡಿ ಕಡೆ ಒಂದು ಬಾಲವಾಡಿಯಲ್ಲಿ ಕೂಸುಗಳ ತೂಕ ತಿಂಗಳಿಂದ ತಿಂಗಳಿಗೆ ಏರುತ್ತಲೇ ಇದೆ. ಉಣಿಸಿದ ಮೇಲೆ ತೂಗುತ್ತಾರೆ.

ಯಾವ ಮನೆಗೆ ಬೇಕು ಎಂದು ತಿಳಿಯಲು ಪ್ರಶ್ನೆಗಳನ್ನು ನಾನೇ ಬರೆದೆ. ನೇರ ಕೇಳಿದರೆ "ನಮಗೇನು ಕಡಿಮಿ ಐತ್ರಿ" ಎನ್ನುವ ಮಂದಿ ನಮ್ಮವರು. ಅದಕ್ಕೇ ಒಂದು ಉಪಾಯ ಹುಡುಕಿದೆ: ಮನೆಯಲ್ಲಿ ಹಗೇವು ಇದೆಯೇ ಎಂದು ಕೇಳುವುದು. ನೆಲದೊಳಗೆ ಜೋಳ ತುಂಬಿಡುವ ಹಗೇವು ಇದ್ದ ಮನೆ ಉಂಡುಟ್ಟ ಮನೆ. ಇಲ್ಲದ ಮನೆಗೆ ಬೇಕು. ಸಾಹೇಬರು ಬೆನ್ನು ತಟ್ಟಿದರು.

ಈಗ ಒಂದು ಮಾತು. ಬಳಗದವರ ಕೇಂದ್ರವನ್ನು ಬಳಗದವರು ತಪಾಸಣೆ ಮಾಡಬಾರದು ಎಂಬ ನಿಯಮವಿದೆ. ಅಗರಖೇಡದ ಬಾಲವಾಡಿ ನಡೆಸುವ ಬಾಯಿ ನನ್ನ ಅಕ್ಕ ಎಂದು ನಾನು ಸಾಹೇಬರಿಗೆ ಹೇಳಿಲ್ಲ. ಹೇಳಿದರೆ ಬೇರೆ ಯಾರೋ ಬರುತ್ತಾರೆ, ಏನು ಬರೆಯುತ್ತಾರೋ. ನಾನೇ ಬಂದರೆ ನಿನಗೆ ಒಳ್ಳೆಯದು. ಅವರ ಮುಂದೆ ನನ್ನನ್ನು ತಮ್ಮಾ ಎನ್ನಬೇಡ, ಅಷ್ಟೇ. ನಿನ್ನ ಯಜಮಾನರಿಗೂ ಹೇಳು, ಮಾವ ನನ್ನ ಹೆಸರು ಹಿಡಿದು ಕರೆದಾರು.

ನಿನ್ನ ತಮ್ಮ
ಸಿದ್ದರಾಯ


ಅಗರಖೇಡ
24 ಫೆಬ್ರುವರಿ 1976

ಸಿದ್ದೂ,

ಸಾಹೇಬ್ರ ಅಂತ ಬರಿಬೇಕು ಅಂತ ಮಾಡಿದ್ನಿ, ಕೈ ಏಳಲಿಲ್ಲ. ಮೂಗಿನ ಸುಂಬಳಾ ನನ್ನ ಸೆರಗಿಗಿ ಒರಿಸಿಕೋತ ಬೆಳದವ ನೀ. ನಾ ಹಿಪ್ಪರಗಿ ಸಾಲ್ಯಾಗ ನಾಕನೇತ್ತೆ ಕಲತಾಕಿ, ನನ್ನ ಕಾಗದ ನಾ ಮಾತಾಡಿದಂಗ ಇರ್ತೈತಿ. ಓದಿ ನಗಬ್ಯಾಡ.

ಆತು, ನೀ ಹೇಳಿದಂಗ ಆಗಲಿ. ನಿಮ್ಮ ಮಾವಗ ಹೇಳಿದ್ನಿ. "ನಿಮ್ಮ ತಮ್ಮನ ಮುಂದ ನಾ ಗಿರಣ್ಯಾಗ ಮುಖಕ್ಕ ಹಿಟ್ಟು ಬಳಕೊಂಡ ನಿಂದರ್ತೇನಿ, ಗುರ್ತಾ ಹತ್ತೂದಿಲ್ಲ" ಅಂದ್ರು. ಊರ ಬಾಯಿ ಮುಚ್ಚೂದು ಹೆಂಗ? ಇಲ್ಲಿ ನಾಯಿಗೂ ಗೊತ್ತೈತಿ ನೀ ರೇಣವ್ವನ ತಮ್ಮ ಅಂತ, ವಾಡೇದ ದೊಡ್ಡ ಮನಿ ಅಳಿಯಾ ಅಂತ. ಆದ್ರೂ ಹೇಳಿ ನೋಡ್ತೇನಿ.

ಊಟಕ್ಕರ ಬರ್ತೀಯಿಲ್ಲೋ? ತಮ್ಮ ಊರಿಗಿ ಬಂದು ಅಕ್ಕನ ಮನ್ಯಾಗ ಕೈ ತೊಳೀದ ಹ್ವಾದ ಅಂದ್ರ ನಾ ಬಾವಿಗಿ ನೀರಿಗಿ ಹೆಂಗ ಹೋಗ್ಲಿ? ಸಾಹೇಬ್ರನ್ನ ಎಲ್ಲೆರ ಕುಂದರಿಸಿ ಹಿತ್ತಲ ಕಡಿಂದ ಬಂದು ಹೋಗು.

ನಿನ್ನ ಹಗೇವಿನ ಪ್ರಶ್ನಿ ನನಗ ಸೇರಲಿಲ್ಲ. ಹಗೇವು ಐತೇನು ಅಂದ್ರ ಐತಿ ಅಂತಾರ. ಮುತ್ಯಾನ ಕಾಲಕ್ಕ ತೋಡಿದ್ದು, ಅದು ಎದ್ದು ಎಲ್ಲಿ ಹೋಗ್ತೈತಿ? ಅದರಾಗ ಏನೈತಿ ಅಂತ ಯಾಕ ಕೇಳೂದಿಲ್ಲ? ಅದಕ್ಕಿಂತಾ ನಿಮ್ಮ ಮಾವನ ಗಿರಣಿ ಮುಂದ ಒಂದ ವಾರ ಕುಂತಕೋ. ಯಾರ ಜ್ವಾಳದ ಬುಟ್ಟಿ ಬೀಸಾಕ ಬರತೈತಿ, ಯಾರದು ಬರೂದು ಬಿಟ್ಟೈತಿ, ತಾನ ತಿಳೀತೈತಿ.

ಹೊನ್ನವ್ವಗ ಹೇಳು, ಆಕಿ ತವರಮನಿ ವಾಡೇದಾಗ ಎಲ್ಲಾರೂ ಆರಾಮ ಅದಾರ. ಮೊನ್ನಿ ಆಕಿ ವೈನಿ, ಅಣ್ಣನ ಹೆಂಡತಿ ಲಕ್ಕವ್ವ ಬಾವಿ ಹಂತೇಕ ಸಿಕ್ಕಿದ್ಲು. ಆರಾಮ ಅದೇವಿ ಅಂದ್ಲು.

ರೇಣವ್ವ


ಸಿಂದಗಿ
19 ಮಾರ್ಚ್ 1976

ಅಕ್ಕಾ,

ಎರಡು ಸಲ ಬರೆದು ಹರಿದೆ. ಮುಖ ತೋರಿಸಲಾರದವನು ಕಾಗದ ಬರೆಯುತ್ತಾನೆ ಎಂದುಕೋ.

ಮೊನ್ನೆ ನಿನ್ನ ಬಾಲವಾಡಿ ನಡೆಯುವ ಚಾವಡಿಯ ಬಾಗಿಲಲ್ಲಿ ನಿಂತು "ಬಾಯಾರ, ಉಳಿದ ಮಕ್ಕಳೆಲ್ಲಿ?" ಎಂದು ನಿನ್ನನ್ನು ಕೇಳಿದಾಗ ನನ್ನ ದನಿ ನನಗೇ ಬೇರೆ ಯಾರದೋ ಅನ್ನಿಸಿತು. ನೀನು ತಲೆಯ ಮೇಲೆ ಸೆರಗು ಎಳೆದುಕೊಂಡು "ಸುಗ್ಗಿ ಐತ್ರಿ ಸಾಹೇಬ್ರ, ತಾಯಂದಿರ ಜೋಡಿ ಹೊಲಕ್ಕ ಹೋಗ್ಯಾವ್ರಿ" ಎಂದೆ. ಅಷ್ಟು ಚೆನ್ನಾಗಿ ನಟಿಸಬೇಡವಾಗಿತ್ತು. ಚಾವಡಿಯ ಮುಂದೆ ನಿಂತ ಮಂದಿ ಒಬ್ಬರೂ ಬಾಯಿ ಬಿಡಲಿಲ್ಲ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು.

ಮಕ್ಕಳು ಹೊಲಕ್ಕೆ ಹೋದದ್ದು ಸಾಹೇಬರಿಗೂ ಒಪ್ಪಿಗೆಯಾಯಿತು. ಅವರು ಕೇಳಿದ್ದು ಬೇರೆ: "ಹಂಗಾದ್ರ ಉಪ್ಪಿಟ್ಟು ಉಳೀಬೇಕಾಗಿತ್ತಲ್ರಿ. ಬೋಗಾಣಿ ಯಾಕ ಖಾಲಿ ಐತಿ?" ಕೂಸುಗಳು ಕೇಂದ್ರದಲ್ಲೇ ಕೂತು ಉಣ್ಣಬೇಕು, ಹೊರಗೆ ಒಯ್ಯಬಾರದು ಎಂಬ ನಿಯಮ ನಿನಗೆ ಗೊತ್ತಿದೆ. ಅಲ್ಲಿ ಕೂತದ್ದು ಹತ್ತೋ ಹನ್ನೆರಡೋ ಮಕ್ಕಳು, ಬೋಗಾಣಿಯ ತಳದಲ್ಲಿ ಅಗುಳೂ ಇಲ್ಲ. ನೀನು ನನ್ನ ಕಡೆ ನೋಡಿದೆ. ನಾನು ಗೋಡೆಯ ಮೇಲಿನ ಹಲ್ಲು ತಿಕ್ಕುವ ಚಿತ್ರ ನೋಡಿದೆ. ಅಲ್ಲಿಂದ ಸೀದಾ ಹೊರಗೆ ಬಂದೆವು.

ಮಧ್ಯಾಹ್ನದ ಊಟಕ್ಕೆ ಸಾಹೇಬರನ್ನು ವಾಡೆಗೆ ಕರೆದೊಯ್ದೆ. ನಾನು ಆ ಮನೆಯ ಅಳಿಯ ಎಂದು ಅವರಿಗೆ ದಾರಿಯಲ್ಲೇ ಹೇಳಿದ್ದೆ. ಅದನ್ನು ಹೇಳಲು ನಾಲಿಗೆ ತಡೆಯಲಿಲ್ಲ, ನಿನ್ನ ತಮ್ಮ ಎನ್ನಲು ತಡೆಯಿತು. ಹೋಳಿಗೆ, ತುಪ್ಪ, ಕಟ್ಟಿನ ಸಾರು ಬಡಿಸಿದರು. ಹೂರಣದಲ್ಲಿ ಬಡೇಸೋಪಿನ ವಾಸನೆ ಬಂದು ನಮ್ಮ ಅವ್ವನ ಕೈ ನೆನಪಾಯಿತು. ಲಕ್ಕವ್ವನ ಮಕ್ಕಳು ಬಾಗಿಲ ಹಿಂದೆ ನಿಂತು ನೋಡುತ್ತಿದ್ದವು. ಬರ್ರೋ ಎಂದು ಕರೆದೆ. ಲಕ್ಕವ್ವ ಅವುಗಳ ರಟ್ಟೆ ಹಿಡಿದು ಒಳಗೆ ಒಯ್ದಳು. ಊಟ ಮುಗಿಸಿ ಪಡಸಾಲೆಯ ಹಗೇವಿನ ಬಾಯಿ ಮುಚ್ಚಿದ ಕಲ್ಲಿನ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡೆವು. "ಈ ಊರಿಗಿ ನಮ್ಮ ನುಚ್ಚು ಯಾಕ ಬೇಕ್ರೀ?" ಎಂದು ಸಾಹೇಬರು ನಕ್ಕರು. ನಾನೂ ನಕ್ಕೆ.

ಹಿತ್ತಲ ಕಡೆಯಿಂದ ಬರಬೇಕೆಂದೇ ಇದ್ದೆ. ಸಾಹೇಬರು ಬೆನ್ನು ಬಿಡಲಿಲ್ಲ ಎಂದು ಬರೆದರೆ ಅರ್ಧ ಸುಳ್ಳು. ನನಗೇ ಧೈರ್ಯವಾಗಲಿಲ್ಲ.

ಈಗ ಹೇಳು, ಆ ಉಪ್ಪಿಟ್ಟು ಎಲ್ಲಿ ಹೋಯಿತು? ಒಂದು ಸಾಲು ಬರಿ, ನಾನು ಬರಹದಲ್ಲಿ ಸರಿಮಾಡುತ್ತೇನೆ. ನಾನು ಮನೆ ಸೇರಿದ್ದೇ ಹೊನ್ನವ್ವ, ಅಗರಖೇಡದಲ್ಲಿ ಏನಾಯಿತು, ಅಕ್ಕಾರು ಏನಂದರು ಎಂದು ಬಿಡದೆ ಕೇಳಿದಳು. ಹೇಳಿದೆ. ಆಮೇಲೆ ಉಣ್ಣಲಿಲ್ಲ, ಹೊಟ್ಟೆ ನೋವು ಎಂದಳು.

ಸಿದ್ದರಾಯ


ಅಗರಖೇಡ
28 ಮಾರ್ಚ್ 1976

ಸಿದ್ದೂ,

ಎಲ್ಲಿ ಮುಟ್ಟಬೇಕಾಗಿತ್ತೋ ಅಲ್ಲಿ ಮುಟ್ಟೇತಿ. ಎಲ್ಲಿ ಅಂತ ಕೇಳಬ್ಯಾಡ. ನಾ ಒಬ್ಬರಿಗಿ ಮಾತು ಕೊಟ್ಟೇನಿ.

ನಿಯಮಾ ಮುರದೇನಿ, ಸುಳ್ಳಲ್ಲ. ಒಯ್ಯಬಾರದು ಅಂತ ಗೊತ್ತಿದ್ದು ಒಯ್ದೇನಿ. ಕೆಲವು ಮನಿ ಕೂಸುಗೋಳು ಚಾವಡಿಗಿ ಬರಾಕ ಆಗೂದಿಲ್ಲ. ಬಂದ್ರ ಊರು ನೋಡತೈತಿ. ಹೊಟ್ಟಿ ಮಾತ್ರ ಎಲ್ಲಾ ಕೂಸಿಗೂ ಒಂದ. ಅದಕ್ಕ ಸೆರಗಿನ ಮರಿಗಿ ಇಟಗೊಂಡು ನಾನ ಹೋಗ್ತಿದ್ನಿ. ಇದರ ಮ್ಯಾಲ ಒಂದು ಅಕ್ಷರಾ ಬರಿಯೂದಿಲ್ಲ.

ನೀ ಹೋದ ಮ್ಯಾಲ ಏನಾತು ಕೇಳು. ಬಾವಿ ಹಂತೇಕ ನಮ್ಮ ಓಣಿ ಶೇವಂತೆವ್ವ ಕೊಡಾ ಕೆಳಗಿಟ್ಟು ಕೇಳಿದ್ಲು: "ನಿನ್ನ ತಮ್ಮ ಉಣ್ಣದ ಹ್ವಾದನಂತಲ್ಲ? ಒಂದು ಕುಪ್ಪಸದ ಖಣಾ ಸೈತ ಹಾಕಲಿಲ್ಲಂತ?" ಅವಸರಿತ್ತು ಅಂದ್ನಿ. "ವಾಡೇದಾಗ ಎಲಿ ಅಡಿಕಿ ಜಗಿಯಾಕ ಅವಸರಿರಲಿಲ್ಲ" ಅಂದ್ಲು. ನಾ ಕೊಡಾ ತುಂಬಿಕೊಂಡ ಬಂದ್ನಿ. ಹಾದ್ಯಾಗ ನೋಡಿದ್ರ ನನ್ನ ಕೈಯಾಗ ಸೇದೂ ಹಗ್ಗ ಇರಲಿಲ್ಲ, ಬಾವ್ಯಾಗ ಬಿಟ್ಟು ಬಂದಿದ್ನಿ.

ನೀ ಕಂಡದ್ದು ಬರಿ. ಖಾಲಿ ಬೋಗಾಣಿ ಕಂಡೀದಿ, ಖಾಲಿ ಅಂತ ಬರಿ. ಆದ್ರ ನಿನ್ನ ಅಕ್ಕ ಎಂಥಾಕಿ ಅಂತ ನಿನಗ ಗೊತ್ತೈತಿ ಅಲ್ಲ? ಅದನ್ನ ಯಾವ ಸಾಲಿನ್ಯಾಗ ಬರೀತಿ ನೋಡ್ತೇನಿ.

ರೇಣವ್ವ


ಸಿಂದಗಿ
22 ಏಪ್ರಿಲ್ 1976

ಸೌಭಾಗ್ಯವತಿ ರೇಣವ್ವ ಅಕ್ಕನಿಗೆ,

ವರದಿ ಮುಂಬಯಿಗೆ ಹೋಯಿತು. ಬೇರೆಯವರಿಂದ ತಿಳಿಯುವುದಕ್ಕಿಂತ ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಅಗರಖೇಡದ ಕೇಂದ್ರ ಮುಚ್ಚಿ, ಅಲ್ಲಿಯ ಪಾಲು ಹೊರ್ತಿಗೆ ಕೊಡಬೇಕು ಎಂದು ಬರೆದಿದ್ದೇನೆ. ಕಾರಣ ಎರಡು. ಊರಿನಲ್ಲಿ ಹಗೇವಿದ್ದ ಮನೆಗಳು ಹೆಚ್ಚು; ಹೊರ್ತಿಯಲ್ಲಿ ಕೂಲಿ ಮಾಡುವವರು ಹೆಚ್ಚು. ಎರಡನೆಯದು, ತಪಾಸಣೆಯ ದಿನ ಆಹಾರ ಮಕ್ಕಳಿಗೆ ಮುಟ್ಟಿದ್ದು ಕಾಣಲಿಲ್ಲ, ಕೇಂದ್ರದ ಬಾಯಿ ಸರಿಯಾದ ಉತ್ತರ ಕೊಡಲಿಲ್ಲ. ಕಳವು ಎಂಬ ಮಾತು ನಾನು ಎಲ್ಲಿಯೂ ಬಳಸಿಲ್ಲ. ಅದನ್ನು ನೆನಪಿಡು.

ನಿನಗೆ ಸಿಟ್ಟು ಬರುತ್ತದೆ. ಆದರೆ ಯೋಚಿಸು. ನಾಳೆ ನೀನು ನನ್ನ ಅಕ್ಕ ಎಂದು ಸಾಹೇಬರಿಗೆ ತಿಳಿದಾಗ, ಅಕ್ಕನನ್ನು ಉಳಿಸಲು ಬರೆದ ಎನ್ನಬಾರದಲ್ಲ? ನಿನ್ನ ಕೇಂದ್ರದ ಮಟ್ಟಿಗೆ ನಾನು ಮುಖ ನೋಡಿ ಅಳೆಯಲಿಲ್ಲ. ಅಷ್ಟರಮಟ್ಟಿಗೆ ನನ್ನ ಮನಸ್ಸು ಹಗುರವಾಗಿದೆ ಎಂದು ಬರೆಯಬೇಕೆಂದಿದ್ದೆ. ಹಗುರವಾಗಿಲ್ಲ. ಹೊನ್ನವ್ವನೂ ಮಾತು ಕಡಿಮೆ ಮಾಡಿದ್ದಾಳೆ, ಏನು ಕೇಳಿದರೂ ಜೋಳ ಹಸನು ಮಾಡುತ್ತ ಕೂರುತ್ತಾಳೆ.

ನೀನು ಹೇಳಿದ್ದರೆ ಹೀಗೆ ಆಗುತ್ತಿರಲಿಲ್ಲ.

ಇತಿ,
ಸಿದ್ದರಾಯ


ಅಗರಖೇಡ
20 ಮೇ 1976

ಸಿದ್ದರಾಯಾ,

ನಿನ್ನಿ ಚಕ್ಕಡಿ ಬಂತು. ಬೋಗಾಣಿ, ತಾಟು, ತೂಕದ ತಕ್ಕಡಿ, ಹಲ್ಲು ತಿಕ್ಕು ಚಿತ್ರ ಎಲ್ಲಾ ಏರಿಸಿಕೊಂಡು ಹೊರ್ತಿಗಿ ಹ್ವಾದ್ರು. ಅಲ್ಲಿ ಕೂಸುಗೋಳಿಗಿ ಒಳ್ಳೇದಾಗಲಿ. ಅವಕ್ಕೂ ಬೇಕು, ನಾ ಬ್ಯಾಡ ಅನ್ನೂದಿಲ್ಲ.

ಕಳವು ಅಂತ ನೀ ಬರದಿಲ್ಲ, ಖರೆ. ಬರಿಯೂದು ಬೇಕಾಗಲಿಲ್ಲ. ಬಾಲವಾಡಿ ನುಚ್ಚು ನಮ್ಮ ಗಿರಣ್ಯಾಗ ಹಿಟ್ಟಾಗಿ ಮಾರಾಟ ಆಗೇತಿ ಅಂತ ಊರೆಲ್ಲಾ ಮಾತು. "ತಮ್ಮನ ಬರದಾನ ಅಂದ್ರ ಇರಬೇಕು ಬಿಡ್ರಿ" ಅಂತಾರ. ಬ್ಯಾರೆ ಯಾರರ ಬರದಿದ್ರ ಅರ್ಧ ಮಂದಿ ನಂಬತಿರಲಿಲ್ಲ. ನಿಮ್ಮ ಮಾವ ಗಿರಣಿ ಬಂದ ಮಾಡಿ ಕಟ್ಟಿ ಮ್ಯಾಲ ಸುಮ್ಮ ಕುಂದರ್ತಾರ. ಹೊತ್ತು ಹೋಗದ ಪಟ್ಟಾ ಬಿಚ್ಚತಾರ, ತಿರಗಿ ಹಾಕತಾರ.

ಪಂಚಮಿಗಿ ನನ್ನ ಕರಿಯಾಕ ಬರಬ್ಯಾಡ. ಅಪ್ಪಗ ನಾನ ಏನರ ಹೇಳಿ ಕಳಿಸ್ತೇನಿ.

ರೇಣವ್ವ


ಸಿಂದಗಿ
14 ಜೂನ್ 1976

ಅಕ್ಕಾರಿಗಿ ಹೊನ್ನವ್ವ ಶರಣು ಮಾಡೂದು.

ಇವರು ಬಾಗೇವಾಡಿಗಿ ಹೋಗ್ಯಾರ್ರಿ. ಮನ್ಯಾಗ ಯಾರೂ ಇಲ್ಲ ಅಂತ ಬರಿಯಾಕತ್ತೇನಿ.

ಅಕ್ಕಾರ, ನನಗ ಎಲ್ಲಾ ಗೊತ್ತಿತ್ರಿ. ಸಂಕ್ರಮಣಕ್ಕ ತವರಿಗಿ ಹ್ವಾದಾಗ ವೈನಿ ಹೇಳಿದ್ಲು. ದಾಯಾದಿಗಳು ಕೋರ್ಟಿಗಿ ಹೋದಾಗಿಂದ ಹೊಲದ ಪೀಕು ಕೋರ್ಟಿನವರ ಕೈಯಾಗ ಐತಿ, ಹಗೇವು ತಳಾ ಕಂಡು ವರ್ಷ ಆತು, ನೀವು ದಿನಾ ಹಿತ್ತಲ ಬಾಗಿಲಕ್ಕ ಬಂದು ಕೂಸುಗೋಳಿಗಿ ಉಪ್ಪಿಟ್ಟು ಕೊಟ್ಟು ಹೋಗ್ತೀರಿ ಅಂತ. "ನಿನ್ನ ಗಂಡಗ ತಿಳದ್ರ ನಾ ಬಾವಿ ಪಾಲು" ಅಂತ ನನ್ನ ಕಡಿಂದ ಆಣಿ ಹಾಕಿಸಿಕೊಂಡ್ಲು. ನಿಮ್ಮ ಕಡಿಂದನೂ ಮಾತು ತಗೊಂಡಾಳ ಅಂತ ತಿಳೀತು. ನಮ್ಮ ಅಣ್ಣ ಶ್ರೀಶೈಲಪ್ಪಗೂ ಉಪ್ಪಿಟ್ಟು ಎಲ್ಲಿಂದ ಬರತೈತಿ ಅಂತ ಆಕಿ ಹೇಳಿಲ್ರಿ. ಅಂವ ಕೇಳಿಲ್ಲ.

ಇವರು ಪಡಸಾಲ್ಯಾಗ ಕುಂತು ನಿಮ್ಮ ಕೇಂದ್ರ ಮುಚ್ಚು ಮಾತು ಬರಿವಾಗ ನಾ ಮುಂದ ಕುಂತು ಜ್ವಾಳಾ ಹಸನ ಮಾಡಾಕತ್ತಿದ್ನಿ. "ಹಗೇವಿದ್ದ ಮನಿ ನಿಮ್ಮ ವಾಡೇನೂ ಒಂದು, ಹೌದಿಲ್ಲೋ?" ಅಂತ ನನ್ನ ಕೇಳಿ ಬರಕೊಂಡ್ರು. ಹೌದ್ರಿ ಅಂದ್ನಿ. ತವರಿನ ಮರ್ಯಾದಿ ನನ್ನ ನಾಲಿಗಿ ಹಿಡೀತು. ನಿಮ್ಮ ಮರ್ಯಾದಿ ಹೋಗೂದು ನನ್ನ ಕಣ್ಣ ಮುಂದ ನೋಡಿದ್ನಿ. ಅವತ್ತಿನಿಂದ ಕನ್ನಡಿ ಮುಂದ ನಿಂತು ಕುಂಕುಮಾ ಹಚ್ಚಿಕೊಳ್ಳಾಕ ನಾಚಿಕಿ ಆಗತೈತ್ರಿ.

ನೀವು ಪಂಚಮಿಗಿ ಬರಬ್ಯಾಡ ಅಂತ ಬರದದ್ದು ಓದಿ ಇವರು ಕಾಗದಾ ಕೈಯಾಗ ಹಿಡಕೊಂಡು ಹೊರಗ ಹ್ವಾದ್ರು. ಇನ್ನ ತಡಿಯಾಕ ಆಗೂದಿಲ್ಲ. ಬಂದ ಕೂಡಲೆ ಹೇಳಿಬಿಡ್ತೇನ್ರಿ.

ಹೊನ್ನವ್ವ


ಅಗರಖೇಡ
22 ಜೂನ್ 1976

ಹೊನ್ನೂ,

ಹೇಳಿಲ್ಲಂದ್ರ ಹೇಳಬ್ಯಾಡ. ನನ್ನ ಆಣಿ ಐತಿ.

ನನ್ನ ತಮ್ಮ ಒಳ್ಳೇವ. ಆದ್ರೂ ಗಂಡಸು. ಹೆಂಡತಿ ತವರಿನ ಕೂಸುಗೋಳು ಚಾವಡಿ ಉಪ್ಪಿಟ್ಟು ಉಂಡು ಬೆಳದಾವ ಅಂತ ಒಮ್ಮಿ ತಿಳದ್ರ, ಹತ್ತು ವರ್ಷದ ಮ್ಯಾಲ ಯಾವದೋ ಒಂದು ಜಗಳದಾಗ, ಸಾರಿಗಿ ಉಪ್ಪು ಹೆಚ್ಚಾದ ದಿನಾ, ಅದು ಹೊರಗ ಬರತೈತಿ. ಬಂದ ಮ್ಯಾಲ ಅವಗೂ ಕೆಟ್ಟ ಅನಸ್ತೈತಿ. ನಿನಗ ಮಾತ್ರ ಅದು ಹೋಗೂದಿಲ್ಲ.

ನಿನಗಿಂತಾ ಹೆಚ್ಚಿನ ನಾಚಿಕಿ ನನಗೈತಿ. ಈ ಮದವಿ ಮಾಡಿಸಿದಾಕಿ ನಾ. ನಮ್ಮ ಅಪ್ಪ ಹೂಂ ಅನ್ನವಲ್ಲ ಅಂತ, ಅವನನ್ನ ಕರಕೊಂಡು ಬಂದು ನಿಮ್ಮ ವಾಡೇದ ಹಗೇವಿನ ಕಲ್ಲಿನ ಮ್ಯಾಲ ನಿಂದರಿಸಿ, "ನೋಡಪಾ, ನಿನ್ನ ಮಗಾ ಎಂಥಾ ಮನಿಗಿ ಅಳಿಯಾ ಆಗ್ತಾನ" ಅಂತ ತೋರಿಸೇನಿ. ಹುಡಿಗಿ ಗುಣಾ ಆಮ್ಯಾಲ ಹೇಳಿದ್ನಿ, ಹಗೇವು ಮೊದಲ ತೋರಿಸಿದ್ನಿ. ಸಿದ್ದೂಗ ಹಗೇವು ನೋಡಿ ಮನಿ ಅಳಿಯೂದು ಕಲಿಸಿದಾಕಿ ನಾನ ಆಗೇನಿ. ಹಿಂಗಿದ್ದು ಅವಗ ಏನಂತ ಬೈಲಿ?

ಕುಂಕುಮಾ ಹಚ್ಚಿಕೋ. ಉಣ್ಣು.

ರೇಣವ್ವ


ಸಿಂದಗಿ
10 ಜುಲೈ 1976

ಅಕ್ಕಾ,

ನಿನ್ನ ಆಣೆ ಬರುವ ಮೊದಲೇ ಹೊನ್ನವ್ವ ಹೇಳಿಬಿಟ್ಟಿದ್ದಳು. ನೀನು ಅವಳಿಗೆ ಬರೆದದ್ದನ್ನೂ ಓದಿದೆ. ಸಾರಿಗೆ ಉಪ್ಪು ಹೆಚ್ಚಾದ ದಿನದ ಮಾತನ್ನು ಮತ್ತೊಮ್ಮೆ ಓದಿದೆ. ಇಲ್ಲ, ನಾನು ಅಂಥವನಲ್ಲ ಎಂದು ಬರೆಯಲು ಕೈ ಬರಲಿಲ್ಲ. ನಾನು ಎಂಥವನು ಎನ್ನುವುದು ಈಗ ನನಗೇ ಗೊತ್ತಿಲ್ಲ.

ಬಾಗಿಲ ಹಿಂದಿನ ಆ ಮಕ್ಕಳು. ನಾನು ಉಣ್ಣುವುದನ್ನು ನೋಡುತ್ತಿದ್ದವು ಎಂದು ನಿನಗೆ ನಾನೇ ಬರೆದಿದ್ದೆ. ನೋಡಿದ್ದೆ, ಬರೆದಿದ್ದೆ, ತಿಳಿದುಕೊಳ್ಳಲಿಲ್ಲ. ಅವರ ಖಾಲಿ ಹಗೇವಿನ ಮೇಲೆ ಕೂತು ಎಲೆ ಜಗಿದು, ಈ ಊರಿಗೆ ಬೇಡ ಎಂದು ನಕ್ಕೆ. ಮಂದಿಯ ಹಗೇವಿನಲ್ಲಿ ಏನಿದೆ ಎಂದು ಕೇಳುವುದು ನಮ್ಮಲ್ಲಿ ಮರ್ಯಾದೆಯಲ್ಲ, ಅದಕ್ಕೇ ಇದೆಯೇ ಎಂದಷ್ಟೇ ಕೇಳಿದೆ. ನನ್ನ ಮರ್ಯಾದೆ ಉಳಿಯಿತು. ನಿನ್ನದು ಹೋಯಿತು.

ನಿನ್ನೆ ಸಾಹೇಬರ ಮುಂದೆ ನಿಂತು, ಅಗರಖೇಡದ ಬಾಯಿ ನನ್ನ ಒಡಹುಟ್ಟಿದ ಅಕ್ಕ ಎಂದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಒರೆಸುತ್ತ, "ಅಕ್ಕನ ಮನ್ಯಾಗ ಉಣ್ಣದ ಬಂದ್ರೇನ್ರಿ ಅವತ್ತ?" ಎಂದು ಕೇಳಿದರು. ಬೇರೇನೂ ಕೇಳಲಿಲ್ಲ. ಆಮೇಲೆ, "ಕೂಳು ಯಾವ ಮನಿಗಿ ಹೋಗ್ತಿತ್ತು ಹೇಳ್ರಿ, ಮುಂಬಯಿಗಿ ನಾನ ಬರದು ತಿದ್ದಿಸ್ತೇನಿ" ಎಂದರು.

ಅಲ್ಲಿ ನಾನು ನಿಂತೆ. ಹೆಸರು ಹೇಳಿದರೆ ಹೊನ್ನವ್ವನ ತವರು ನಾಲ್ಕು ತಾಲೂಕಿನ ಮಾತಾಗುತ್ತದೆ. ಹೇಳದಿದ್ದರೆ ನೀನು ಕಳ್ಳಿಯಾಗಿಯೇ ಉಳಿಯುತ್ತೀ. ಚಾವಡಿಯಲ್ಲಿ ನೀನು ನಿಂತ ಜಾಗ ಎಂಥದು ಎಂದು ನಿನ್ನೆ ತಿಳಿಯಿತು. ಯೋಚಿಸಿ ಹೇಳುತ್ತೇನೆ ಎಂದು ಬಂದೆ. ನೀನೇ ಹೇಳು, ಏನು ಮಾಡಲಿ? ನೀನು ಹೇಳಿದಂತೆ ಮಾಡುತ್ತೇನೆ. ಪಂಚಮಿಗೆ ಬರಬೇಡ ಎಂದಿದ್ದೀ. ಬರಲೇ ಎಂದು ಕೇಳುವ ಮುಖ ನನಗಿಲ್ಲ.

ಸಿದ್ದೂ


ಅಗರಖೇಡ
20 ಜುಲೈ 1976

ಸಿದ್ದೂ,

ನಿನ್ನ ಕಾಗದ ಬರೂಕಿಂತಾ ಮೊದಲ ಇಲ್ಲಿ ಎಲ್ಲಾ ಮುಗದಿತ್ತು.

ಹ್ವಾದ ಸೋಮಾರ ಶೇವಂತೆವ್ವ ಬಾವಿ ಹಂತೇಕ, ನಾ ಇಲ್ಲದಾಗ, "ಕೂಸುಗಳ ಕೂಳು ತಿಂದ ಮನಿ ಗಿರಣಿ ಹೆಂಗ ತಿರಗೀತು" ಅಂದಳಂತ. ಲಕ್ಕವ್ವ ಅಲ್ಲೇ ನೀರು ಸೇದಾಕತ್ತಿದ್ಲಂತ. ಕೊಡಾ ಅಲ್ಲೇ ಬಿಟ್ಟು ಸೀದಾ ಮನಿಗಿ ಹೋಗಿ, ಹಗೇವಿಗಿ ಇಳಿಯೂ ಆಳು ಮಡಿವಾಳಪ್ಪನ್ನ ಕರಸಿ, ಹಗೇವಿನ ಬಾಯಿ ತಗಿ ಅಂದ್ಲು. ನಿನಗ ಗೊತ್ತಲ್ಲ, ಹಗೇವು ತಗೀತಾರ ಅಂದ್ರ ಓಣಿಗೆಲ್ಲಾ ಹೇಳತಾರ, ಒಳಗಿನ ಗಾಳಿಗಿ ಕೂಸುಗೋಳು ಹತ್ತರ ಬರಬಾರದು ಅಂತ. ಆಕಿ ಓಣಿ ಅಷ್ಟ ಅಲ್ಲ, ಊರಿಗೇ ಹೇಳಿ ಕಳಿಸಿದ್ಲು. ನನಗೂ ಹೇಳಿ ಕಳಿಸಿದ್ಲು. ಬ್ಯಾಡ ಅಂತ ನಾ ಓಡಿ ಹ್ವಾದ್ನಿ. ಹೋಗೂದ್ರಾಗ ಕಲ್ಲು ಸರಿಸಿದ್ರು.

ಮಡಿವಾಳಪ್ಪ ಪದ್ಧತಿ ಪರಮಾಣ ಕಂದೀಲು ಹಚ್ಚಿ ಹಗ್ಗಕ್ಕ ಕಟ್ಟಿ ಒಳಗ ಬಿಟ್ಟ. ಗಾಳಿ ಕೆಟ್ಟಿದ್ರ ದೀಪಾ ಆರತೈತಿ ಅಂತ ಎಲ್ಲಾರೂ ಬಗ್ಗಿ ನೋಡಾಕತ್ರು. ದೀಪಾ ಆರಲಿಲ್ಲ. ಇಳೀತು, ಇಳೀತು, ತಳಕ್ಕ ಹೋಗಿ ಕಲ್ಲಿಗಿ ಟಣ್ಣ ಅಂತು. ಜ್ವಾಳ ಇದ್ರ ಸಪ್ಪಳಾ ಆಗೂದಿಲ್ಲ. ಲಕ್ಕವ್ವ ತಲಿ ಮ್ಯಾಲಿನ ಸೆರಗು ಗಟ್ಟಿ ಮಾಡಿಕೊಂಡು ಅಂದ್ಲು: "ರೇಣವ್ವ ಒಯ್ದ ಕೂಳು ಇಲ್ಲಿ ಬಂದೈತ್ರಿ. ನನ್ನ ಮಕ್ಕಳು ಉಂಡಾವ. ಇನ್ನೊಮ್ಮಿ ಯಾರರ ಆಕಿ ಹೆಸರು ತಗದ್ರ ಇಲ್ಲಿ ಬಂದು ಬಗ್ಗಿ ನೋಡ್ರಿ." ಶ್ರೀಶೈಲಪ್ಪ ಕಂಬಾ ಹಿಡಕೊಂಡು ನಿಂತಿದ್ದ. ಅವನ ಮುಖಾ ನೋಡಬಾರದಾಗಿತ್ತು, ನೋಡಿದ್ನಿ.

ಸಂಜಿಮುಂದ ನಾಕ ಮನ್ಯಾವರು ಬುಟ್ಟ್ಯಾಗ ಜ್ವಾಳಾ ತಗೊಂಡು ಬಂದ್ರು. ಶೇವಂತೆವ್ವನೂ ಬಂದಿದ್ಲು. ಲಕ್ಕವ್ವ ಎಲ್ಲಾರನ್ನೂ ತಿರಗಿ ಕಳಿಸಿದ್ಲು. ಮರುದಿನಾ ಕುರಪಿ ತಗೊಂಡು ಮಂದಿ ಹೊಲಕ್ಕ ಕಳೇ ತಗಿಯಾಕ ಹೊಂಟ್ಲು. ವಾಡೇದ ಸೊಸಿ ಕೂಲಿಗಿ ಹ್ವಾದದ್ದು ಊರು ಬಾಗಿಲಾಗ ನಿಂತು ನೋಡ್ತು. ನಾನೂ ಆಕಿ ಜೋಡಿ ಹ್ವಾದ್ನಿ, ಒಬ್ಬಾಕಿನ್ನ ಹೆಂಗ ಬಿಡ್ಲಿ. ಕೂಲಿ ಜ್ವಾಳಾ ನಿಮ್ಮ ಮಾವನ ಗಿರಣಿಗಿ ತಂದು ಬೀಸಿಸಿಕೊಂಡು ಹ್ವಾದ್ಲು. ನಾಕ ಮಂದಿ ಅದನ್ನ ನೋಡಿ ತಮ್ಮ ಬುಟ್ಟಿ ತಂದ್ರು. ಗಿರಣಿ ತಿರಗಾಕತ್ತೇತಿ.

ಏನು ಮಾಡಲಿ ಅಂತ ಕೇಳೀದಿ. ಲಕ್ಕವ್ವನ್ನ ಕೇಳಿದ್ನಿ. "ಬರೀಲಿ, ನಮ್ಮ ಹೆಸರು ಹಾಕಿ ಬರೀಲಿ" ಅಂದ್ಲು. ಬರಿ. ಇಲ್ಲಿ ಕೇಂದ್ರ ತಿರಗಿ ಬರತೈತೋ ಇಲ್ಲೋ, ಹೊರ್ತಿ ಕೂಸುಗಳ ಬಾಯಾಗಿಂದು ಕಸಗೊಂಡು ತರಬ್ಯಾಡ್ರಿ. ಇದ್ದದ್ದು ಮಾತ್ರ ಬರಿ. ನಿನ್ನ ಹೆಸರೂ ಬರಿ, ನನ್ನ ತಮ್ಮ ಅಂತ.

ಇನ್ನೊಂದು ಮಾತು. ಸಾಯೂತನಕಾ ಹೇಳಬಾರದು ಅಂತಿದ್ನಿ. ಈಗ ಹಗೇವು ತಗದ ಮ್ಯಾಲ ಇದೊಂದು ಯಾಕ ಮುಚ್ಚಿಡ್ಲಿ.

ನೀವು ಬಂದ ದಿನಾ ನಿನಗಂತ ನಾ ಹೋಳಿಗಿ ಮಾಡಿದ್ನಿ. ಹೋಳಿ ಹುಣ್ಣಿವಿ ಮರುದಿನಾ, ನೆನಪೈತೇನು? ಮುಂಜಾನಿ ಲಕ್ಕವ್ವ ಹಿತ್ತಲ ಬಾಗಿಲಕ್ಕ ಬಂದು ನಿಂತ್ಲು. ಅಳಿಯಾ ದೊಡ್ಡ ಸಾಹೇಬ್ರನ್ನ ಕರಕೊಂಡು ಊಟಕ್ಕ ಬರ್ತೇನಿ ಅಂತ ಹೇಳಿ ಕಳಿಸ್ಯಾನ, ಮನ್ಯಾಗ ಬ್ಯಾಳಿಲ್ಲ, ಬೆಲ್ಲಿಲ್ಲ ಅಂತ ಅತ್ಲು. ನೀ ನಮ್ಮ ಮನಿಗಿ ಬರೂದಿಲ್ಲ ಅಂತ ನನಗ ಅವಾಗ ತಿಳೀತು. ಹೋಳಿಗಿ ಬುಟ್ಟಿ, ಸಾರಿನ ಗಡಗಿ, ತುಪ್ಪದ ಗಿಂಡಿ ಹಂಗ ಎತ್ತಿ ಕೊಟ್ನಿ. ನೀ ಅಲ್ಲಿ ಉಂಡದ್ದು ನನ್ನ ಕೈದು.

ನಿನಗ ಬಡೇಸೋಪಿನ ವಾಸನಿ ಬಂತು, ಅವ್ವ ನೆನಪಾದ್ಲು ಅಂತ ಬರದಿದ್ದಿ. ಅಕ್ಕ ನೆನಪಾಗಲಿಲ್ಲ. ಆ ಕಾಗದಾ ಓದಿ ನಾ ಗಿರಣಿ ಹಿಂದ ಹೋಗಿ ಅತ್ತೇನಿ. ಕೇಂದ್ರ ಮುಚ್ಚಿದಾಗ ಅತ್ತಿರಲಿಲ್ಲ.

ಪಂಚಮಿಗಿ ಬಾ. ಹಿತ್ತಲದಿಂದ ಬ್ಯಾಡ, ಹಾಡಾಹಗಲಿ ಮುಂದಿನ ಬಾಗಿಲದಿಂದ ಬಾ, ಬಾವಿ ಮುಂದಿನ ಹಾದಿ ಹಿಡದು. ಖಣಾ ತರೂದು ಬಿಟ್ಟರೂ ನಡೀತೈತಿ. ಹಸಗೊಂಡು ಬಾ.

ನಿನ್ನ ಅಕ್ಕ
ರೇಣವ್ವ